ಬಿಳಿ ಬಿಟ್ಟ ಗೋಡೆ

ಸವಿತಾ, ಆವತ್ತು ನಿನ್ನ ಚಿತ್ರ ಕೆಟ್ಟಿದ್ದು ನಿನ್ನ ಕೈಯಿಂದಲ್ಲ, ನನ್ನ ಮಾತಿನಿಂದ. ಗೊತ್ತಿದ್ದೇ ಹೇಳಿದ ಮಾತು ಅದು — ಇಪ್ಪತ್ತು ವರ್ಷವಾದರೂ ನಿನ್ನೆದುರು ಬಾಯಿ ಬಿಟ್ಟಿಲ್ಲ.

ಯಲಹಂಕದ ನಮ್ಮ ಶಾಲೆಗೆ, ಒಂಬತ್ತನೇ ತರಗತಿಗೆ, ನೀನು ಬಾಗಲಕೋಟೆ ಕಡೆಯಿಂದ ಬಂದು ಸೇರುವವರೆಗೂ ಡ್ರಾಯಿಂಗ್ ಅಂದರೆ ನಾನೇ. ನನ್ನದು ನೀಟು ಕೈ. ಬಣ್ಣ ಗೆರೆ ದಾಟುತ್ತಿರಲಿಲ್ಲ. ನಿನಗೆ ಕಣ್ಣಿತ್ತು. ಅದು ಕಲಿತು ಬರುವಂಥದ್ದಲ್ಲ ಎಂದು ಆಗ ನಂಬಿದ್ದೆ, ಅದಕ್ಕೇ ಹೊಟ್ಟೆ ಉರಿಯುತ್ತಿತ್ತು.

ರಜೆಯ ಚಿತ್ರಕಲಾ ಶಿಬಿರಕ್ಕೆ ಶಾಲೆಯಿಂದ ಒಬ್ಬರನ್ನು ಮಾತ್ರ ಕಳಿಸುತ್ತಾರೆ ಎಂದಾಗ ನೀನು ಬಾಗಲೂರು ರಸ್ತೆಯ ಒಂದು ಹಳೇ ಮನೆ ಬರೆದೆ. ಜಲವರ್ಣ. ಸುತ್ತ ನೆರಳು ಹಾಕಿ, ಮುಂದಿನ ಗೋಡೆಯ ಜಾಗದಲ್ಲಿ ಕಾಗದವನ್ನು ನೀನು ಬಿಳಿಯಾಗಿಯೇ ಬಿಟ್ಟಿದ್ದೆ — ಆ ಬಿಳಿಯೇ ಮಧ್ಯಾಹ್ನದ ಬಿಸಿಲು. ನೋಡಿದವರು ಕಣ್ಣು ಕಿರಿದು ಮಾಡಬೇಕು, ಹಾಗಿತ್ತು.

"ಮುಗೀತೇನ, ನೋಡಿ ಹೇಳು. ನಿನಗ ತಿಳೀತದ," ಅಂದೆ ನೀನು.

ನನಗೆ ತಿಳಿದಿತ್ತು. ಆದರೂ —

"ಖಾಲಿ ಬಿಡ್ಬಾರ್ದು ಕಣೇ, ಮಾರ್ಕ್ಸ್ ಕಟ್ ಮಾಡ್ತಾರೆ. ಹಳದಿ ತುಂಬು."

ನೀನು ತುಂಬಿದೆ. ಬಿಸಿಲು ಹೋಯಿತು, ಬರೀ ಗೋಡೆ ಉಳಿಯಿತು. ಜಲವರ್ಣದಲ್ಲಿ ಕಾಗದದ ಬಿಳಿ ಒಮ್ಮೆ ಹೋದರೆ ಹೋಯಿತು. ಒದ್ದೆ ಬಟ್ಟೆ ಒತ್ತಿ ಒತ್ತಿ ತೆಗೆಯಲು ನೋಡಿದೆ ನೀನು, ಕಾಗದವೇ ಎದ್ದು ಬಂತು. ಶಿಬಿರಕ್ಕೆ ನಾನು ಹೋದೆ. ಮೇಷ್ಟ್ರು ಏನೂ ಕೇಳಲಿಲ್ಲ. ಕೇಳಿದ್ದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಶಿಬಿರದ ವಿಷಯ ಬಿಡು. ನನ್ನನ್ನು ಕಾಡುವುದು ಆಮೇಲಿನದು. ಪ್ರತಿ ಚಿತ್ರಕ್ಕೂ ನೀನು ನನ್ನನ್ನು ಕೇಳತೊಡಗಿದೆ — "ಇಲ್ಲಿ ಬಿಡ್ಲೇನ? ಇಲ್ಲಿ ತುಂಬ್ಲೇನ?" ನಾನು ಹೇಳುತ್ತಾ ಹೋದೆ. ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ನಿನ್ನ ಚಿತ್ರಗಳೂ ನನ್ನವುಗಳಷ್ಟೇ ನೀಟಾಗಿದ್ದವು. ಆಮೇಲೆ ನೀನು ಬರೆಯುವುದನ್ನೇ ಬಿಟ್ಟೆ.

ಹೋದ ಭಾನುವಾರ ತಣಿಸಂದ್ರದ ನಿನ್ನ ಮನೆಗೆ ಬಂದಾಗ ನಿನ್ನ ಮಗಳು ತಾನು ಬರೆದ ಚಿತ್ರ ತಂದು ತೋರಿಸಿದಳು. ಆಕಾಶದಲ್ಲಿ ಒಂದಷ್ಟು ಬಿಳಿ ಬಿಟ್ಟಿದ್ದಳು. ನೀನು ಮೆಲ್ಲಗೆ ಅಂದೆ, "ಖಾಲಿ ಬಿಡಬಾರದವ್ವಾ, ತುಂಬು. ಬೇಕಾದರ ಆಂಟಿನ್ನ ಕೇಳು." ಮಗು ನನ್ನ ಕಡೆ ತಿರುಗಿತು. ನಾನು — ಕಾಫಿ ಕುಡಿದೆ.

ಈ ಭಾನುವಾರ ಮತ್ತೆ ಬರುತ್ತೇನೆ. ಅವಳ ಎದುರಿಗೇ ಹೇಳುತ್ತೇನೆ: ನಿಮ್ಮಮ್ಮ ಬಿಳಿ ಬಿಟ್ಟಿದ್ದು ಸರಿಯಾಗಿತ್ತು, ನಾನು ಬೇಕೆಂದೇ ಸುಳ್ಳು ಹೇಳಿದೆ. ಆಮೇಲೆ ನೀನು ಬಾಗಿಲು ತೋರಿಸಿದರೆ ಹೋಗುತ್ತೇನೆ, ಸವಿತಾ. ಮಗಳಿಗೆ ಮಾತ್ರ ನನ್ನ ಮಾತು ಕಲಿಸಬೇಡ.