ಭಾವ ಕತ್ತರಿಸದೆ ಬಿಟ್ಟ ಫೈಲು

ರೇಡಿಯೊ ಕೇಂದ್ರದಲ್ಲಿ ನಮ್ಮ ಭಾವನಿಗಿದ್ದ ಅಡ್ಡಹೆಸರು ಕತ್ತರಿ. ಉದ್ಘೋಷಕರು ಮೈಕಿನ ಮುಂದೆ ಕೆಮ್ಮಿದ್ದು, ತಡವರಿಸಿದ್ದು, ಮಾತಿನ ನಡುವೆ ಜೋರಾಗಿ ಉಸಿರೆಳೆದದ್ದು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕತ್ತರಿಸಿ ಎಸೆಯುವುದು ಅವರ ಕೆಲಸ. ಅಲ್ಲೇ ಉದ್ಘೋಷಕಿಯಾಗಿದ್ದ ನಮ್ಮಕ್ಕನನ್ನು ಮದುವೆಯಾದ ಮೇಲೂ ಅವಳಿಗೆ ರಿಯಾಯಿತಿ ಸಿಗಲಿಲ್ಲ. “ನಿಮ್ಮ ಭಾವ ನನಗೆ ಉಸಿರಾಡೋಕೂ ಬಿಡಲ್ಲ ಕಣೇ” ಎಂದು ಅಕ್ಕ ನಗುತ್ತಿದ್ದಳು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಅಕ್ಕ ತೀರಿಕೊಂಡ ವರ್ಷವೇ ಕೇಂದ್ರದವರು ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಲು ಹೊರಟರು. ಅದರಲ್ಲಿದ್ದ ಫೈಲುಗಳು ಹಳೇ ಕಾಲದ ಮಾದರಿಯವು, ಬೇರೆ ಯಂತ್ರದಲ್ಲಿ ತೆರೆಯುವುದೇ ಇಲ್ಲ. ಭಾವ ಅವರಿವರ ಕೈಕಾಲು ಹಿಡಿದು ಅದನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಕೂರಿಸಿದರು. ನಾನು ಓಡಿಹೋದೆ. ನನಗೆ ಅಕ್ಕನ ದನಿ ಕೇಳಬೇಕಿತ್ತು.

ಒಂದಾದ ಮೇಲೊಂದು ಕೇಳಿದೆವು. ಇಸ್ತ್ರಿ ಹಾಕಿದಂಥ ಸ್ಫುಟವಾದ ದನಿ. ಅದರಲ್ಲಿ ಅಕ್ಕ ಎಲ್ಲೂ ಇರಲಿಲ್ಲ.

“ಕತ್ತರಿಸಿದ್ದೆಲ್ಲ ಎಲ್ಲಿ ಭಾವ?”

“ಈ ಫೈಲಲ್ಲಿ ಕತ್ತರಿಸಿ ಸೇವ್ ಮಾಡಿದ್ರೆ ಮುಗೀತಮ್ಮ. ವಾಪಸ್ ಬರಲ್ಲ.”

“ಚೆನ್ನಾಗಿ ಮಾಡಿದ್ರಿ” ಎಂದೆ. ಅವರು ತಲೆ ತಗ್ಗಿಸಿದರು. ನನಗೆ ಅಂದು ಅಯ್ಯೋ ಪಾಪ ಅನ್ನಿಸಲಿಲ್ಲ.

ಕೆಲವು ವಾರಗಳ ನಂತರ ಅವರೇ ಫೋನು ಮಾಡಿದರು. “ಒಂದು ಸಿಕ್ಕಿದೆ, ಬಾಮ್ಮ.”

ಅದು ಕಾರಣಾಂತರದಿಂದ ಪ್ರಸಾರವೇ ಆಗದ ಕಾರ್ಯಕ್ರಮ. ಹಾಗಾಗಿ ಕತ್ತರಿ ಬಿದ್ದಿರಲಿಲ್ಲ. ಮೊದಲು ಕುರ್ಚಿ ಎಳೆದ ಸದ್ದು. ಕೆಮ್ಮು. ಆಮೇಲೆ ಪಕ್ಕದಲ್ಲಿದ್ದ ಯಾರಿಗೋ ಅಕ್ಕ ಹೇಳುತ್ತಾಳೆ: “ನಮ್ಮನೆಯವರಿಗೆ ಇವತ್ತು ರಜೆ. ಇರಲಿ ಬಿಡಿ, ನಾಳೆ ಬಂದು ಕತ್ತರಿಸ್ತಾರೆ.” ಹಿಂದೆಯೇ ಮೂಗಿನಲ್ಲಿ ಬರುವ ಅವಳ ಆ ನಗು. ಒಂದು ದೀರ್ಘ ಉಸಿರು. ತಕ್ಷಣ ಇಸ್ತ್ರಿ ದನಿ ಶುರು: “ಕೇಳುಗರಿಗೆಲ್ಲ ನಮಸ್ಕಾರ.”

ನಾನು ಗಳಗಳನೆ ಅತ್ತುಬಿಟ್ಟೆ. ಭಾವ ಅಳಲಿಲ್ಲ. ಕನ್ನಡಕ ಸರಿಪಡಿಸಿಕೊಂಡು, ನಮಸ್ಕಾರದಿಂದ ಕಾರ್ಯಕ್ರಮದ ಕೊನೆಯವರೆಗೂ ಗುರುತು ಹಾಕಿ ಕತ್ತರಿಸಿದರು.

“ಏನ್ಮಾಡ್ತಿದೀರಾ ಭಾವ! ಮತ್ತೆ ಸಿಗಲ್ಲ ಅದು!”

“ಅದು ಊರಿಗೆಲ್ಲ ಹೇಳಿದ್ದಮ್ಮ. ಇದೊಂದೇ, ನಾಳೆ ನಾನು ಬರ್ತೀನಿ ಅಂತ ನನ್ನ ಪಾಲಿಗೆ ಬಿಟ್ಟಿದ್ದು.”

ಸೇವ್ ಒತ್ತಿ, ಉಳಿದದ್ದನ್ನು ಹಾಕಿದರು. ಕುರ್ಚಿ, ಕೆಮ್ಮು, ಮಾತು, ನಗು ಎಲ್ಲ ಮುಗಿದು ಅಕ್ಕ ಉಸಿರೆಳೆದುಕೊಳ್ಳುತ್ತಾಳೆ. ಅಲ್ಲಿಗೆ ನಿಲ್ಲುತ್ತದೆ.

ಭಾವ ಸ್ವಲ್ಪ ಹೊತ್ತು ಕಾದರು, ಅವಳು ಇನ್ನೇನಾದರೂ ಹೇಳುತ್ತಾಳೇನೋ ಎಂಬಂತೆ. ಆಮೇಲೆ ಮತ್ತೆ ಮೊದಲಿನಿಂದ ಹಾಕಿದರು.