ಆಶ್ವೆಲ್ ಗೆದ್ದ ವಿಚಾರಣೆ

2023ರ ಜೂನ್‌ನಲ್ಲಿ ಕುವೈತ್ ವಿಮಾನ ನಿಲ್ದಾಣದ ಪಾಸ್‌ಪೋರ್ಟ್ ಕೌಂಟರ್‌ನಲ್ಲಿ ಡಾ. ಶೈಲಜಾ ಅವರನ್ನು ತಡೆಯಲಾಯಿತು. ಮಗಳ ಚೊಚ್ಚಲ ಹೆರಿಗೆಗೆಂದು ಅವರು ಮೈಸೂರಿಗೆ ಹೊರಟಿದ್ದರು. ಅವರ ಹೆಸರಿನ ಮೇಲೆ ಪ್ರಯಾಣ ನಿಷೇಧವಿತ್ತು.

ಆಗ ನಾನು ಅಲ್ಲಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಸೆನೆಟ್ ಕಾರ್ಯದರ್ಶಿ. ಸಭೆ, ವಿಚಾರಣೆಗಳ ನಡಾವಳಿ ಬರೆಯುವುದು ನನ್ನ ಕೆಲಸ. ಮಂಗಳೂರಿನ ಪತ್ರಿಕೆಯ ಡೆಸ್ಕಿನಲ್ಲಿ ವರ್ಷಗಟ್ಟಲೆ ಕೂತವನಿಗೆ ಅದು ಒಗ್ಗಿದ ಕೆಲಸವೇ. ಶೈಲಜಾ ರಸಾಯನಶಾಸ್ತ್ರದ ಅಧ್ಯಾಪಕಿ. ಜಾಬ್ರಿಯಾದಲ್ಲಿ ನಮ್ಮ ಮೇಲಿನ ಫ್ಲಾಟಿನಲ್ಲಿದ್ದರು.

ವಿಶ್ವವಿದ್ಯಾಲಯದ ಪ್ರೆಸಿಡೆಂಟ್ ಆಶ್ವೆಲ್ ಮೂಲತಃ ಬ್ಯಾರಿಸ್ಟರ್. ಅಂದರೆ ಇಂಗ್ಲೆಂಡಿನ ಮೇಲಿನ ನ್ಯಾಯಾಲಯಗಳಲ್ಲಿ ಎದ್ದು ನಿಂತು ವಾದಿಸುವ ವಕೀಲ. ಬಸ್ ಚಾಲಕನ ಮಗ. ಪಾಟೀಸವಾಲಿಗೆ ಹೆಸರಾದವರು ಕಾನೂನು ಕಲಿಸತೊಡಗಿ, ಡೀನ್ ಆಗಿ, ಒಂದು ವಿಶ್ವವಿದ್ಯಾಲಯವನ್ನೇ ನಡೆಸಿ ಕುವೈತಿಗೆ ಬಂದಿದ್ದರು. ಪ್ರತಿ ದೂರನ್ನೂ ಎರಡೂ ಕಡೆಯವರನ್ನು ಎದುರು ಕೂರಿಸಿಯೇ ಕೇಳುತ್ತಿದ್ದರು.

ಆ ವರ್ಷದ ಪರೀಕ್ಷೆಯಲ್ಲಿ ಫೋನ್ ನೋಡಿ ಬರೆಯುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಶೈಲಜಾ ಹಿಡಿದರು. ಹಿಡಿದು, ಇಡೀ ಹಾಲಿಗೆ ಕೇಳುವಂತೆ ಇಂಗ್ಲಿಷಿನಲ್ಲಿ ಕೇಳಿದರು: "ಮನೆಯಲ್ಲಿ ಇದನ್ನೇ ಹೇಳಿಕೊಟ್ಟಿದ್ದಾರಾ?"

ಫೇಲಾದದ್ದಕ್ಕೆ ಹುಡುಗನ ಮನೆಯವರ ತಕರಾರಿರಲಿಲ್ಲ. ಆ ಮಾತು ಕುಟುಂಬಕ್ಕೆ ಮಾಡಿದ ಅವಮಾನ ಎಂದು ಅವರು ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟರು. ಕುವೈತಿನಲ್ಲಿ ಅವಮಾನದ ಮಾತು ಪೊಲೀಸ್ ಕೇಸಾಗಬಲ್ಲದು.

"ನಮ್ಮ ಮೇಷ್ಟ್ರುಗಳು ದಿನಾ ಇದನ್ನೇ ಅಂತಿದ್ರಲ್ಲ, ಶೆಟ್ರೇ! ಯಾರಾದ್ರೂ ಸ್ಟೇಷನ್ನಿಗೆ ಹೋಗಿದ್ರಾ?" ಎಂದು ಶೈಲಜಾ ಲಿಫ್ಟಿನಲ್ಲಿ ನನ್ನನ್ನು ಕೇಳಿದರು.

"ನನ್ನ ಅಪ್ಪ ಆಗಿದ್ರೆ ಇನ್ನೆರಡು ಕೊಡಿ ಅಂತ ಮೇಷ್ಟ್ರಿಗೇ ಹೇಳ್ತಿದ್ರು, ಮೇಡಂ" ಎಂದೆ. ಇಬ್ಬರೂ ನಕ್ಕೆವು.

ಮಾರನೆಯ ದಿನ ನಮ್ಮ ಡೀನ್, ಕುವೈತಿನವರೇ ಆದ ಡಾ. ಬದ್ರ್, ಆಶ್ವೆಲ್ ಅವರ ಕೋಣೆಗೆ ಬಂದರು. ಹುಡುಗನ ಚಿಕ್ಕಪ್ಪ ಪ್ರೆಸಿಡೆಂಟರನ್ನು ತಮ್ಮ ದಿವಾನಿಯಾಕ್ಕೆ ಕರೆದಿದ್ದರು. ದಿವಾನಿಯಾ ಎಂದರೆ ಕುವೈತಿನ ಮನೆಗಳಲ್ಲಿ ಗಂಡಸರು ಸಂಜೆ ಸೇರುವ ಬೈಠಕ್. ಮದುವೆಯಿಂದ ವ್ಯಾಜ್ಯದವರೆಗೆ ಎಲ್ಲ ಮಾತೂ ಅಲ್ಲೇ ಆಗುತ್ತದೆ.

"ಹತ್ತು ನಿಮಿಷ ಕೂತು ಬನ್ನಿ. ಅವರ ಗಹ್ವಾ ಕುಡಿದು, ಆಕೆಯ ಪರವಾಗಿ ಒಂದು ಒಳ್ಳೆಯ ಮಾತು ಹೇಳಿ. ಖಲಾಸ್" ಎಂದರು ಬದ್ರ್.

ಆಶ್ವೆಲ್ ಕನ್ನಡಕ ತೆಗೆದರು. "ವಿಚಾರಣೆಗೆ ಮೊದಲು ಒಂದು ಕಡೆಯವರ ಜೊತೆ ಕೂತು ಮಾತಾಡುವುದು ಸರಿಯಲ್ಲ."

"ಕಾಫಿಯನ್ನೂ ಪಾಟೀಸವಾಲಿಗೆ ಎಳೆಯುತ್ತೀರಾ?" ಎಂದು ಬದ್ರ್ ನಕ್ಕರು. ಆಶ್ವೆಲ್ ನಗಲಿಲ್ಲ. ಹೋಗಲೂ ಇಲ್ಲ.

ವಿಚಾರಣೆ ಶರ್ಕ್‌ನಲ್ಲಿದ್ದ ನಮ್ಮ ಆಡಳಿತ ಕಚೇರಿಯಲ್ಲಿ ನಡೆಯಿತು. ಚಿಕ್ಕಪ್ಪ ಹುಡುಗನ ಪಕ್ಕದಲ್ಲಿ ಕೂತಿದ್ದರು. ಆಶ್ವೆಲ್ ದನಿ ಏರಿಸಲಿಲ್ಲ. ಫೋನ್ ಯಾರದು, ಯಾವ ಜೇಬಿನಲ್ಲಿತ್ತು, ಪರದೆಯ ಮೇಲೆ ಏನಿತ್ತು ಎಂದು ಒಂದೊಂದೇ ಸಣ್ಣ ಪ್ರಶ್ನೆ ಕೇಳುತ್ತ ಹೋದರು. ಕೊನೆಗೆ ಹುಡುಗ ತಲೆ ತಗ್ಗಿಸಿ, "ನಾನು ನಕಲು ಮಾಡಿದೆ. ಇದು ಮೊದಲ ಸಲವಲ್ಲ" ಎಂದ. ನಾನು ಅದನ್ನು ಹಾಗೆಯೇ ಬರೆದುಕೊಂಡೆ. ದೂರು ವಜಾ ಆಯಿತು.

ಚಿಕ್ಕಪ್ಪ ಎದ್ದರು. ತಲೆವಸ್ತ್ರ ಸರಿಪಡಿಸಿಕೊಂಡು, ಶೈಲಜಾ ಅವರಿಗೆ ದೂರದಿಂದಲೇ ಎದೆಯ ಮೇಲೆ ಕೈಯಿಟ್ಟು ವಂದಿಸಿ, ಉಳಿದ ಎಲ್ಲರ ಕೈಕುಲುಕಿದರು. ನನ್ನ ಕೈಯನ್ನೂ. ಹೊರಟುಹೋದರು. ಬದ್ರ್ ಬಾಗಿಲನ್ನೇ ನೋಡುತ್ತ ಕೂತಿದ್ದರು.

"ಮುಗೀತಲ್ಲ?" ಎಂದು ಶೈಲಜಾ ಕನ್ನಡದಲ್ಲಿ ಕೇಳಿದರು. ಮುಗಿಯಿತು ಎಂದೆ. ಅವರು ಅಂದೇ ಮಗಳಿಗೆ ಫೋನ್ ಮಾಡಿ ಬರುವ ದಿನ ಹೇಳಿದರು. ಆಮೇಲಿನ ವಾರಗಳಲ್ಲಿ ಪೊಲೀಸರಿಂದ ಕರೆಯಾಗಲಿ ಮನೆಯವರಿಂದ ಸುದ್ದಿಯಾಗಲಿ ಬರಲಿಲ್ಲ. ಮನೆಯವರು ಪೊಲೀಸ್ ಕೇಸು ಹಾಕಿದ್ದು, ಅದರಿಂದ ನಿಷೇಧ ಬಂದದ್ದು ಗೊತ್ತಾದದ್ದು ವಿಮಾನ ನಿಲ್ದಾಣದಲ್ಲೇ.

ಅಲ್ಲಿಂದ ಅವರು ಫೋನ್ ಮಾಡಿದಾಗ, "ಬ್ಯಾಗುಗಳು ಆಗಲೇ ಒಳಗೆ ಹೋಗಿವೆ, ಶೆಟ್ರೇ. ಅಂಟಿನುಂಡೆ, ಲೇಹ್ಯ ಎಲ್ಲಾ ಅದರಲ್ಲೇ ಇದೆ. ಅಷ್ಟಾದ್ರೂ ಹೋಗುತ್ತಾ?" ಎಂದು ಕೇಳಿದರು. ಪ್ರಯಾಣಿಕರು ಹೋಗದಿದ್ದರೆ ಬ್ಯಾಗನ್ನೂ ಇಳಿಸುತ್ತಾರೆ. ಅದನ್ನು ನಾನು ಆಗ ಹೇಳಲಿಲ್ಲ.

ಆ ವಾರವೇ ಆಶ್ವೆಲ್ ತಾವಾಗಿ ಬದ್ರ್ ಬಳಿ ಬಂದು, ದಿವಾನಿಯಾಕ್ಕೆ ಕರೆದುಕೊಂಡು ಹೋಗಿ ಎಂದರು. ನನ್ನನ್ನೂ ಜೊತೆಗೆ ಕರೆದರು. ಒಳಗೆ ಕಾಲಿಟ್ಟಾಗ ಕೂತಿದ್ದವರೆಲ್ಲ ಎದ್ದು ನಿಂತರು. ಚಿಕ್ಕಪ್ಪ ಆಶ್ವೆಲ್ ಅವರನ್ನು ತಮ್ಮ ಬಲಗಡೆ ಕೂರಿಸಿಕೊಂಡು, ಖರ್ಜೂರ ಮುಂದಿಟ್ಟು, ಗಹ್ವಾ ಬಗ್ಗಿಸಿ ಕೊಟ್ಟರು. ಸೆಕೆಯ ಮಾತಾಯಿತು, ಲಂಡನ್ನಿನ ಮಾತಾಯಿತು. ಆಮೇಲೆ ಆಶ್ವೆಲ್ ಮುಂದಕ್ಕೆ ಬಾಗಿ, "ಡಾ. ಶೈಲಜಾ ಅವರ ಮಗಳಿಗೆ ಹೆರಿಗೆ ಹತ್ತಿರ ಬಂದಿದೆ. ಅವರ ಮಾತಿನಿಂದ ನೋವಾಗಿದ್ದರೆ, ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ" ಎಂದರು.

"ದೇವರು ಮಗಳನ್ನು ಕಾಪಾಡಲಿ" ಎಂದರು ಚಿಕ್ಕಪ್ಪ. ಇನ್ನೊಂದು ಸುತ್ತು ಗಹ್ವಾ ಬಗ್ಗಿಸುತ್ತ ಮೆಲ್ಲಗೆ ಸೇರಿಸಿದರು: "ಆದರೆ ವಿಷಯ ಈಗ ಕೋರ್ಟಿನಲ್ಲಿದೆ. ವಿಚಾರಣೆಗೆ ಮೊದಲು ಒಂದು ಕಡೆಯವರ ಜೊತೆ ಮಾತಾಡುವುದು ಸರಿಯಲ್ಲ ಅಂದವರು ನೀವೇ ಅಲ್ಲವೇ?"

ಆಶ್ವೆಲ್ ಕಪ್ಪು ಕೆಳಗಿಟ್ಟರು.

ಕುವೈತಿನ ಕೋರ್ಟಿನಲ್ಲಿ ವಾದ ಅರಬಿಯಲ್ಲಿ, ವಾದಿಸುವವರು ಅಲ್ಲಿನ ವಕೀಲರು. ಆಶ್ವೆಲ್ ಎರಡು ಬಾರಿ ಬಂದು ಹಿಂದಿನ ಬೆಂಚಿನಲ್ಲಿ ಕೂತು ಹೋದರು. ಅವರ ಗುತ್ತಿಗೆಯನ್ನು ಆಡಳಿತ ಮಂಡಳಿ ನವೀಕರಿಸಲಿಲ್ಲ. ಅವರು ಇಂಗ್ಲೆಂಡಿಗೆ ಮರಳಿದರು. ಮೈಸೂರಿನಲ್ಲಿ ಶೈಲಜಾ ಅವರ ಮಗಳಿಗೆ ಹೆಣ್ಣು ಮಗು ಹುಟ್ಟಿತು. ನಾನೂ ನಿವೃತ್ತನಾಗಿ ಊರಿಗೆ ಬಂದೆ.

ಮೊನ್ನೆ ಬದ್ರ್ ಅವರಿಂದ ತಿಳಿದಂತೆ, ಪ್ರಕರಣ ಮೇಲಿನ ಕೋರ್ಟಿನಲ್ಲಿದ್ದು ಮತ್ತೆ ಮುಂದೂಡಲ್ಪಟ್ಟಿದೆ. ಶೈಲಜಾ ಅವರು ಅಲ್ಲಿರಲು ಬೇಕಾದ ಇಕಾಮಾ ಪರವಾನಗಿಯ ಅವಧಿ ಮುಗಿದಿದೆ. ಪ್ರಯಾಣ ನಿಷೇಧ ಜಾರಿಯಲ್ಲಿದೆ.