ನಮ್ಮ ಬಾಗಿಲ ಮುಂದಿನ ಬಿರುಕು

ಅಫಜಲಪುರದ ನಮ್ಮ ಓಣಿಗೆ ಸಿಮೆಂಟ್ ರಸ್ತೆ ಹಾಕಿದ ಮರುದಿನ ಬೆಳಿಗ್ಗೆ, ನನ್ನ ಹೆಂಡತಿ ಎಂದಿನಂತೆ ಬಾಗಿಲ ಮುಂದೆ ನೀರು ಹೊಡೆದಳು. ನಾನು ಒಳಗೆ ಚಹಾ ಕುಡಿಯುತ್ತಿದ್ದೆ. ಮಧ್ಯಾಹ್ನ ಅವಳಿಗೆ ಎದೆನೋವು ಬಂತು. ಕಲಬುರಗಿಯ ಆಸ್ಪತ್ರೆಯಿಂದ ಅವಳು ಜೀವಂತವಾಗಿ ಮರಳಲಿಲ್ಲ.

ನಮ್ಮ ಹಳ್ಳಿ ಹವಳಗಾದ ಹೊಲದಲ್ಲಿ ಅವಳನ್ನು ಮಣ್ಣು ಮಾಡಿ, ಆರನೇ ದಿನ ಮನೆಗೆ ಬಂದೆ. ಓಣಿಯುದ್ದಕ್ಕೂ ಹೊಸ ರಸ್ತೆ ನೀರು ಕುಡಿದು ಗಟ್ಟಿಯಾಗಿತ್ತು. ನಮ್ಮ ಬಾಗಿಲ ಮುಂದೆ ಮಾತ್ರ ಒಣಗಿ ಬಿರುಕು ಬಿಟ್ಟಿತ್ತು. ಪೈಪು ಹಿಡಿದು ರಸ್ತೆಗೆ ನೀರು ಬಿಡುತ್ತಿದ್ದ ಕೆಲಸಗಾರನಿಗೆ, “ಇಲ್ಲಿ ಯಾಕ ನೀರು ಹಾಕಿಲ್ಲಪ್ಪಾ?” ಎಂದು ಕೇಳಿದೆ.

“ಅಕ್ಕಾರೇ ಹೇಳಿದ್ರಿ, ‘ನಮ್ಮ ಬಾಗಿಲಿಗೆ ದಿನಾ ನಾನೇ ನೀರು ಹೊಡೀತೇನಿ, ನೀ ಮುಂದಿಂದು ನೋಡ್ಕೋ ಹೋಗೋ ತಮ್ಮಾ’ ಅಂತ. ಅದಕ್ಕ ಬಿಟ್ಟೇನ್ರಿ. ಹಿಂಗ ಮರೆತು ಕುಂತ್ರ ರಸ್ತಾ ಹಾಳಾಗ್ತದಂತ ಅವರಿಗೆ ನೀವೇ ಹೇಳ್ರಿ” ಎಂದು ನಕ್ಕ.

“ಅಕಿ ತೀರಿಕೊಂಡಾಳಪ್ಪಾ” ಎಂದೆ.

ಅವನು ಪೈಪನ್ನು ನಮ್ಮ ಬಾಗಿಲ ಕಡೆಗೆ ತಿರುಗಿಸಿ ಬಹಳ ಹೊತ್ತು ಅಲ್ಲೇ ನಿಂತ.

ಆಮೇಲೆ ಬಿರುಕಿಗೆ ಸಿಮೆಂಟ್ ತುಂಬಿದರು. ರಸ್ತೆ ಈಗ ಚೆನ್ನಾಗಿದೆ. ಮನೆಯಲ್ಲಿ ಬೆಳಿಗ್ಗೆ ನನಗಿಂತ ಮೊದಲು ಏಳುವವರು ಯಾರೂ ಇಲ್ಲ.